ಕೂಸು ಹೊಟ್ಟೆಯಲ್ಲಿದ್ದಾಗ ಯಾವ ಮನೆ?

ಹೋದ ತಿಂಗಳು ಚಿಕ್ಕೋಡಿಯಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಆರೇಳು ಹುಡುಗಿಯರು ನನ್ನನ್ನು ಕರೆಸಿ ಕುರ್ಚಿಯ ಮೇಲೆ ಕೂರಿಸಿ, "ಅಕ್ಕಾರ, ನಿಮ್ಮ ಕಾಲದಾಗ ಈ ಸರ್ವೇ ಕೆಲಸ ಹೆಂಗಿತ್ತು, ಹೇಳ್ರಿ" ಎಂದರು. ನಾನು ಒಂದು ತಾಸು ಮಾತಾಡಿದೆ. ಯಾವ ಸಾಹೇಬರ ನಂತರ ಯಾವ ಸಾಹೇಬರು ಬಂದರು, ಯಾವ ಫಾರಂ ಹೋಗಿ ಯಾವ ಫಾರಂ ಬಂತು, ಇಂಥವೇ. ಹುಡುಗಿಯರು ಆಕಳಿಸದೆ ಕೇಳಿದ್ದು ಅವರ ದೊಡ್ಡತನ. ಮನೆಗೆ ಬರುವಾಗ ಬಸ್ಸಿನಲ್ಲಿ ನನ್ನ ಮೇಲೆ ನನಗೇ ಸಿಟ್ಟು ಬಂತು. ಹೇಳಬೇಕಾದದ್ದನ್ನು ಒಂದೂ ಹೇಳಿರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನನ್ನ ಕೆಲಸ ಕೂಸುಗಳ ತೂಕ ಮಾಡುವುದು. ಎಂಬತ್ತರ ದಶಕದ ನಡುವೆ ಸೇರಿದೆ, ತೊಂಬತ್ತರ ದಶಕ ಮುಗಿಯುವವರೆಗೂ ಅದನ್ನೇ ಮಾಡಿದೆ. ನಮ್ಮದು ಅಥಣಿ ಕಡೆಯ ಜೈನ ಒಕ್ಕಲು ಮನೆತನ. ನರ್ಸಿನ ತರಬೇತಿ ಮುಗಿಸಿ ಬಂದ ಮಗಳು ದವಾಖಾನೆ ಬಿಟ್ಟು ಓಣಿ ಓಣಿ ತಿರುಗುತ್ತಾಳೆಂದು ಗೊತ್ತಾದಾಗ ನಮ್ಮಪ್ಪ, "ಮಂದಿ ಮಕ್ಕಳ ತೂಕಾ ಮಾಡ್ಲಿ ಅಂತ ಓದಿಸಿದ್ನೇನವಾ ನಿನ್ನ?" ಎಂದಿದ್ದರು. ನನಗೂ ಆಗ ಉತ್ತರ ಗೊತ್ತಿರಲಿಲ್ಲ.

ಅದೊಂದು ಸಂಶೋಧನೆ. ಒಂದು ವೈದ್ಯಕೀಯ ಕಾಲೇಜಿನ ಡಾಕ್ಟರುಗಳು, ಪುಣೆಯ ಕೆಲವು ಲೆಕ್ಕಿಗರು, ಫಾರಂ ತಯಾರಿಸಿ ಕಳಿಸುವ ಪರದೇಶದ ಯಾರೋ ಪಂಡಿತರು ಕೂಡಿ ನಡೆಸುತ್ತಿದ್ದರು. ಬಸುರಿಯನ್ನು ಐದನೆಯ ತಿಂಗಳಲ್ಲಿ ಹೆಸರು ಹಚ್ಚಿಕೊಂಡು, ಹುಟ್ಟಿದ ಕೂಸಿಗೆ ಐದು ವರ್ಷ ತುಂಬುವವರೆಗೆ ಬೆನ್ನು ಬಿಡದೆ ನೋಡಬೇಕು. ಆ ಮನೆಯ ಒಲೆ ಎಂಥದ್ದು, ನೀರು ಎಲ್ಲಿಯದು, ತಾಯಿ ಏನು ಉಣ್ಣುತ್ತಾಳೆ, ಏನು ಕೆಲಸ ಮಾಡುತ್ತಾಳೆ, ಇವೆಲ್ಲ ಕೂಸಿನ ಮೈಮೇಲೆ ಹೇಗೆ ಕಾಣಿಸಿಕೊಳ್ಳುತ್ತವೆ ಎಂದು ತಿಳಿಯುವುದು ಅವರ ಆಸೆ. ಚಿಕ್ಕೋಡಿಯಲ್ಲಿ ಒಂದು ಕೋಣೆಯ ಆಫೀಸು. ನಿಪ್ಪಾಣಿ, ಚಿಕ್ಕೋಡಿ ನನಗೆ. ರಾಯಬಾಗದ ಹಳ್ಳಿಗಳು ನನ್ನ ಗೆಳತಿ ಕಸ್ತೂರಿಗೆ. ಅಥಣಿ, ಕಾಗವಾಡಕ್ಕೆ ಬೇರೆ ಇಬ್ಬರು. ನಮ್ಮ ಮೇಲೆ ಡಾಕ್ಟರ್ ದೇಸಾಯಿ. ಯಾರ ಮನೆಗೆ ಹೋದರೂ ಚಪ್ಪಲಿ ಹೊರಗೆ ಬಿಟ್ಟು, ಬರುವಾಗ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬರುತ್ತಿದ್ದ ದೇವರಂಥ ಮನುಷ್ಯ.

ನಾನು ಮಾಡಿದ ಮೊದಲ ಘನಕಾರ್ಯ ಹೇಳಿಬಿಡುತ್ತೇನೆ. ತರಬೇತಿಯ ದಿನಗಳಲ್ಲಿ ಅಥಣಿಯ ಒಂದು ವ್ಯಾಪಾರಸ್ಥರ ಓಣಿಯಲ್ಲಿ ಹನ್ನೆರಡು ಕೂಸುಗಳ ತೂಕ ಬರೆದುಕೊಂಡು ಬಂದೆ. ಡಾಕ್ಟರ್ ದೇಸಾಯಿ ಕಾಗದ ನೋಡಿ, "ಸುನಂದಾಬಾಯಿ, ಈ ಓಣ್ಯಾಗ ಕೂಸುಗೋಳು ಭಾಳ ಗಟ್ಟಿ ಅದಾವಲ್ಲ" ಎಂದು ಹುಬ್ಬೇರಿಸಿದರು. ನಾನು ಹೆಮ್ಮೆಯಿಂದ ಹೌದೆಂದೆ. ಮರುದಿನ ಅವರೇ ಬಂದು ನೋಡಿದರೆ ಪ್ರತಿ ಕೂಸಿನ ಕೈಗೆ ಬೆಳ್ಳಿ ಕಡಗ, ಕಾಲಿಗೆ ಬೆಳ್ಳಿ ಗೆಜ್ಜೆ, ಸೊಂಟಕ್ಕೆ ಬೆಳ್ಳಿ ಉಡದಾರ, ಕೊರಳಲ್ಲಿ ಎರಡು ತಾಯಿತ. ಬೆಳ್ಳಿಯನ್ನೂ ನಾನು ಕೂಸಿನ ಮಾಂಸಖಂಡಕ್ಕೆ ಸೇರಿಸಿಬಿಟ್ಟಿದ್ದೆ. ಬಿಚ್ಚಿರೆಂದರೆ ಅಜ್ಜಿಯರು ಒಪ್ಪಲಿಲ್ಲ. ದೃಷ್ಟಿಯ ಮಾತು ಬಂತು. ಕೊನೆಗೆ ಒಬ್ಬ ಅಜ್ಜಿ, "ಹಿಂಗ ಮಾಡ್ರಿ, ತಕ್ಕಡಿಗೆ ಅರಿಶಿಣ ಕುಂಕುಮ ಹಚ್ಚೂನು. ದೇವರ ಮುಂದ ಬಿಚ್ಚಿದಂಗ ಆಕ್ಕೈತಿ, ಬಿಡ್ರಿ" ಎಂದು ದಾರಿ ತೋರಿಸಿದಳು. ಅಂದಿನಿಂದ ನನ್ನ ಕೊಕ್ಕೆ ತಕ್ಕಡಿಗೆ ಮಂಗಳವಾರ, ಶುಕ್ರವಾರ ಪೂಜೆ. ಪರದೇಶದಿಂದ ಬಂದ ಆ ತಕ್ಕಡಿ ಕುಂಕುಮ ಹಚ್ಚಿಕೊಂಡು ಸೌಭಾಗ್ಯವತಿಯಾಗಿ ತಿರುಗಾಡಿತು.

ಎರಡನೆಯ ಪಾಠವೂ ತರಬೇತಿಯ ದಿನಗಳಲ್ಲೇ, ಉಗಾರ ಖುರ್ದದ ಹತ್ತಿರ ಆಯಿತು. ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯಲು ಬಂದವರು ಹೊಲದಂಚಿಗೆ ಕಬ್ಬಿನ ರವದಿಯ, ಅಂದರೆ ಒಣಗಿದ ಸೋಗೆಯ, ಗುಡಿಸಲು ಹಾಕಿಕೊಂಡಿದ್ದರು. ಒಲೆಯ ಹೊಗೆ ಎಷ್ಟೆಂದು ಅಳೆಯಲು ನಮ್ಮ ಬಳಿ ಆಗ ಯಂತ್ರವಿರಲಿಲ್ಲ. ಗುಡಿಸಲೊಳಗೆ ಬಿಳಿ ಬಟ್ಟೆಯ ಪಟ್ಟಿ ಕಟ್ಟಿ, ಎಂಟು ದಿನ ಬಿಟ್ಟು ಎಷ್ಟು ಕಪ್ಪಾಯಿತೆಂದು ನೋಡುವುದು ನಾವೇ ಹುಡುಕಿದ ಉಪಾಯ. ನಾನು ಎಲ್ಲ ಪಟ್ಟಿಗಳನ್ನೂ ನನ್ನ ಎದೆಯೆತ್ತರಕ್ಕೆ ಅಚ್ಚುಕಟ್ಟಾಗಿ ಕಟ್ಟಿದ್ದೆ. ಎಂಟು ದಿನಕ್ಕೆ ಅವು ಮಸಿ ಬಟ್ಟೆಗಳಾಗಿದ್ದವು. "ಏನವಾ, ಕೂಸಿಗೆ ಇಷ್ಟ ಹೊಗಿ ಕುಡಿಸ್ತಿ?" ಎಂದು ಒಬ್ಬ ತಾಯಿಯನ್ನು ಗದರಿಸಿದೆ.

ಆಕೆ ನಕ್ಕಳು. "ಬಾಯಾರ, ನೀವು ನಿಂತಿರತೀರಿ. ಕೂಸು ನಿಂತಿರತೈತೇನ್ರಿ? ಇಲ್ಲಿ ಕೆಳಗ ಬಂದು ಮಕ್ಕೊಂಡ ನೋಡ್ರಿ."

ನೆಲದ ಮೇಲೆ ಅಡ್ಡಾದೆ. ಹೊಗೆ ನನ್ನ ಮುಖದಿಂದ ಎರಡು ಮೊಳ ಮೇಲೆ ಹರಿದು, ರವದಿಯ ಸಂದಿನಿಂದ ಹೊರಗೆ ಹೋಗುತ್ತಿತ್ತು. ಕೆಳಗೆ ತಂಪು ಗಾಳಿ. ಆ ಸಂದನ್ನು ಆಕೆ ಬೇಕೆಂದೇ ಬಿಟ್ಟಿದ್ದಳು, ಕೂಸನ್ನು ಬೇಕೆಂದೇ ಅಲ್ಲಿ ಮಲಗಿಸಿದ್ದಳು. ಬೇರೆ ಗುಡಿಸಲುಗಳಲ್ಲಿ ಹಾಗಿರಲಿಲ್ಲ, ಅಲ್ಲಿ ಕೆಮ್ಮುವ ಮಕ್ಕಳಿದ್ದವು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ನಮ್ಮ ಅಳತೆಯನ್ನೇ ತಿದ್ದಿದಳು. ಅಂದಿನಿಂದ ಪಟ್ಟಿಗಳು ಎರಡು, ಒಂದು ಒಲೆ ಊದುವ ತಾಯಿಯ ಮುಖದ ಮಟ್ಟಕ್ಕೆ, ಇನ್ನೊಂದು ಕೂಸಿನ ಹಾಸಿಗೆಯ ಮಟ್ಟಕ್ಕೆ. ಮುಂದೆ ಗಾಳಿ ಎಳೆಯುವ ಪಂಪು ಬಂದಾಗಲೂ ಅದನ್ನು ನೆಲದ ಮೇಲೇ ಇಟ್ಟೆವು. ಅದಕ್ಕೆ ಕಾರಣ ಆ ತಾಯಿ ಎಂದು ಯಾವ ವರದಿಯಲ್ಲೂ ಬರಲಿಲ್ಲ, ಆ ಸಂಕಟ ನನಗೆ ಇವತ್ತಿಗೂ ಇದೆ.

ಇನ್ನು ನಿಪ್ಪಾಣಿಯ ಮಾತಿಗೆ ಬರುತ್ತೇನೆ. ಹುಡುಗಿಯರಿಗೆ ಮುಖ್ಯವಾಗಿ ಹೇಳಬೇಕಾಗಿದ್ದದ್ದು ಇದು.

ನನ್ನ ಪಾಲಿಗೆ ಬಂದ ಓಣಿಯಲ್ಲಿ ಹೆಂಗಸರೆಲ್ಲ ತಂಬಾಕಿನವರು. ಕೆಲವರು ವಖಾರಿ ಎನ್ನುವ ಗೋದಾಮಿಗೆ ಹೋಗಿ ತಂಬಾಕು ಕುಟ್ಟಿ ಜರಡಿ ಹಿಡಿಯುತ್ತಿದ್ದರು, ಉಳಿದವರು ಮನೆಯಲ್ಲೇ ಬೀಡಿ ಕಟ್ಟುತ್ತಿದ್ದರು. ಮೊದಲ ದಿನ ಆ ಓಣಿಗೆ ಕಾಲಿಟ್ಟಾಗ ಇಪ್ಪತ್ತು ಸಲ ಸೀನಿದೆ. ಅಲ್ಲಿಯ ಮಕ್ಕಳು ನನ್ನ ಸೀನು ಎಣಿಸಿ ಕೇಕೆ ಹಾಕಿದವು.

ಆ ಓಣಿಯಲ್ಲಿ ಮಾಲನ ಎಂಬ ಸೊಸೆ ಇದ್ದಳು. ಕೃಷ್ಣಾ ದಂಡೆಯ ದಿಗ್ಗೇವಾಡಿಯ ಮಗಳು. ಅವಳ ಅತ್ತೆ ತಾರವ್ವ ಸಣ್ಣ ವಯಸ್ಸಿನಲ್ಲೇ ಲಗ್ನವಾಗಿ ಬಂದಾಗಿನಿಂದ ವಖಾರಿಯಲ್ಲಿ ದುಡಿದವಳು. ಜರಡಿ ಹಿಡಿದೂ ಹಿಡಿದೂ ಬೆರಳುಗಳು ಹಳದಿಗಟ್ಟಿದ್ದವು, ಮಾತು ಕತ್ತರಿಯಂತೆ. ಮಾಲನಳ ಮೊದಲ ಕೂಸು ಹೆಣ್ಣು, ಹುಟ್ಟಿದಾಗ ಮೂರು ಕಿಲೋ ಮೇಲೆ ಇನ್ನೂ ಒಂದಿಷ್ಟು. ತುಂಬು ಗಲ್ಲ, ಮಡಿಕೆ ಮಡಿಕೆ ತೊಡೆ. ಅದೇ ಓಣಿಯಲ್ಲಿ ಎರಡನೆಯ, ಮೂರನೆಯ ಹೆರಿಗೆಯಲ್ಲಿ ಹುಟ್ಟಿದ ಕೂಸುಗಳು ಎರಡು ಕಿಲೋದ ಆಚೀಚೆ ತೂಗುತ್ತಿದ್ದವು. ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಆಗುತ್ತಿರಲಿಲ್ಲ. ಕೆಲವನ್ನು ಎರಡನೆಯ ಸಲ ತೂಕ ಮಾಡುವ ಯೋಗ ನನಗೆ ಸಿಗಲಿಲ್ಲ.

ಮೂರು ವರ್ಷದ ಕಾಗದಗಳು ಕೂಡಿದ ಮೇಲೆ ಪುಣೆಯಿಂದ ಆಪ್ಟೆ ಸಾಹೇಬರು ಬಂದರು. ಲೆಕ್ಕ ಕೂಡಿಸಿ ಅರ್ಥ ಹಚ್ಚುವವರು ಅವರು. ತೆಳ್ಳಗೆ, ಉದ್ದಕ್ಕೆ, ಚಹಾಕ್ಕೆ ಸಕ್ಕರೆ ಬೇಡ, ಮಾತಿಗೆ ನಗು ಬೇಡ. ಶನಿವಾರ ಎಲ್ಲರ ಮುಂದೆ ನನ್ನ ರಿಜಿಸ್ಟರು ಬಿಚ್ಚಿಟ್ಟು ಮಾಲನಳ ಸಾಲಿನ ಮೇಲೆ ಬೆರಳಿಟ್ಟರು. "ಹೇ ಕಸಂ ಶಕ್ಯ ಆಹೆ, ಬಾಯಿ?" ಇದು ಹೇಗೆ ಸಾಧ್ಯ ಎಂದು. ಆಮೇಲೆ ಮರಾಠಿಯಲ್ಲೇ ವಿವರಿಸಿದರು. ಜಗತ್ತಿನಲ್ಲಿ ಎಲ್ಲ ಕಡೆ ಮೊದಲ ಕೂಸು ತುಸು ಹಗುರ, ನಂತರದವು ತುಸು ಭಾರ. ನಿಪ್ಪಾಣಿಯ ಈ ಓಣಿಯಲ್ಲಿ ಮಾತ್ರ ತಿರುವುಮುರುವು. ಅದೂ ತುಸುವಲ್ಲ, ಬಹಳ. ಮೊದಲ ಕೂಸುಗಳ ತೂಕವನ್ನು ನೀವು ತಕ್ಕಡಿ ನೋಡಿ ಬರೆದಿರೋ, ಕುಳಿತಲ್ಲೇ ಬರೆದಿರೋ?

ಮೊದಲ ಹೆರಿಗೆಗಳು ಆಗುತ್ತಿದ್ದದ್ದು ತವರಿನಲ್ಲಿ. ಆ ತೂಕಗಳನ್ನು ನಾನು ಮಾಡಿರಲಿಲ್ಲ, ಆಯಾ ಊರಿನ ನಮ್ಮವರು ಮಾಡುತ್ತಿದ್ದರು. ಕಸ್ತೂರಿ ದಿಗ್ಗೇವಾಡಿಯಲ್ಲಿ, ಚಿಂಚಲಿಯಲ್ಲಿ ತೂಕ ಮಾಡಿ, ಚೀಟಿ ಬರೆದು ಬಸ್ಸಿನ ಕಂಡಕ್ಟರರ ಕೈಯಲ್ಲಿ ನಿಪ್ಪಾಣಿಗೆ ಕಳಿಸುತ್ತಿದ್ದಳು. ನಾನು ಗಂಡನ ಮನೆಯ ನಂಬರಿನ ಕೆಳಗೆ ಏರಿಸುತ್ತಿದ್ದೆ. ಇದನ್ನು ಹೇಳಿದೆ. "ಹಾಗಾದರೆ ಕಸ್ತೂರಿಬಾಯಿ ಕುಳಿತಲ್ಲೇ ಬರೆದಿರಬೇಕು" ಎಂದರು. ಕಸ್ತೂರಿಯ ಕಣ್ಣಲ್ಲಿ ನೀರು ಬಂತು. ನನಗೆ ಬಂದದ್ದು ಸಿಟ್ಟು. "ಸಾಹೇಬ್ರ, ಸೋಮವಾರ ಬರ್ರಿ ನನ್ನ ಜೋಡಿ. ನಿಮ್ಮ ಕೈಲೆ ತೂಕಾ ಮಾಡ್ರಿ" ಎಂದೆ.

ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಅದೇ ವಾರ ಮಾಲನಳನ್ನು ಎರಡನೆಯ ಬಸುರಿಗೆ ಹೆಸರು ಹಚ್ಚಿಕೊಂಡು ಬಂದಿದ್ದೆ. ಐದು ತಿಂಗಳು. ನಮ್ಮ ತೂಕಗಳು ಸುಳ್ಳಾಗಿದ್ದರೆ ಬರೀ ಬೈಸಿಕೊಂಡು ಸುಮ್ಮನಾಗಬಹುದು. ನಿಜವಾಗಿದ್ದರೆ ಅವಳ ಹೊಟ್ಟೆಯಲ್ಲಿದ್ದ ಕೂಸು ಯಾವ ಸಾಲಿಗೆ ಸೇರುತ್ತದೆಂದು ನನಗೆ ಆಗಲೇ ಗೊತ್ತಿತ್ತು.

ಸೋಮವಾರ ಮೂರು ಬಸ್ಸು ಬದಲಿಸಿ ದಿಗ್ಗೇವಾಡಿಗೆ ಹೋದೆವು. ಯಾವ ಊರಿಗೆಂದು ಕಸ್ತೂರಿಗೆ ಮೊದಲೇ ಸುಳಿವು ಕೊಡಬಾರದೆಂದು ಸಾಹೇಬರ ಅಪ್ಪಣೆ. ಒಂದು ಅಂಗಳದಲ್ಲಿ ಎಳೆ ಬಾಣಂತಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನನ್ನ ನಿಪ್ಪಾಣಿ ಓಣಿಯದೇ ಇನ್ನೊಂದು ಮನೆಯ ಸೊಸೆ. ಅವಳ ತಾಯಿ ಒಳಗೆ ಮೆಂತ್ಯದ ಹಿಟ್ಟು ಹುರಿಯುತ್ತಿದ್ದಳು, ತುಪ್ಪದ ವಾಸನೆ ಓಣಿಗೆಲ್ಲ ಹರಡಿತ್ತು. ಆಪ್ಟೆ ಸಾಹೇಬರು ತಾವೇ ತಕ್ಕಡಿ ಹಿಡಿದರು. ಮುಳ್ಳು ಕಸ್ತೂರಿಯ ಚೀಟಿಯಲ್ಲಿದ್ದದ್ದಕ್ಕಿಂತ ತುಸು ಮುಂದೆಯೇ ಹೋಗಿ ನಿಂತಿತು. ಹತ್ತು ದಿನದ ಹಾಲಿನ ಪುಣ್ಯ.

ಸಾಹೇಬರು ಫಾರಂ ತೆಗೆದು ಅದರಲ್ಲಿದ್ದಂತೆ ಕೇಳಿದರು. "ನಿನ್ನ ಮನೆ ಎಲ್ಲಿ?"

"ನಿಪ್ಪಾಣ್ಯಾಗ್ರಿ" ಎಂದಳು ಆಕೆ, ತನ್ನ ತಾಯಿಯ ಅಂಗಳದಲ್ಲಿ ಕೂತುಕೊಂಡೇ.

ಸಾಹೇಬರು ಬರೆಯಹೋದವರು ತಡೆದರು. "ಇಲ್ಲಿಗೆ ಯಾವಾಗ ಬಂದೆ?"

"ಕುಬಸ ಆದ ಮ್ಯಾಲೆ ಕರಕೊಂಡ ಬಂದ್ರಲ್ರಿ. ಏಳನೇ ತಿಂಗಳದಾಗ."

ನಮ್ಮ ಕಡೆ ಕುಬಸವೆಂದರೆ ಚೊಚ್ಚಲ ಬಸುರಿಗೆ ಹಸಿರು ಸೀರೆ, ಹಸಿರು ಬಳೆ ತೊಡಿಸಿ ಉಡಿ ತುಂಬುವುದು. ಅದಾದ ಮೇಲೆ ತವರಿನವರು ಮಗಳನ್ನು ಕರೆದೊಯ್ಯುತ್ತಾರೆ. ಕೂಸಿಗೆ ಮೂರೋ ಐದೋ ತಿಂಗಳಾದ ಮೇಲೆಯೇ ಕಳಿಸುವುದು. ಮೊದಲನೆಯದು ಅಪ್ಪನ ಮನೆಯಲ್ಲಿ, ಉಳಿದವು ಗಂಡನ ಮನೆಯಲ್ಲಿ. ನನ್ನ ಅವ್ವ ನನ್ನನ್ನು ಹೆತ್ತದ್ದು ಹಾಗೆಯೇ, ಕಸ್ತೂರಿ ತನ್ನ ಮಗನನ್ನು ಹೆತ್ತದ್ದೂ ಹಾಗೆಯೇ. ನಮಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿದ್ದದ್ದಕ್ಕೇ ಮೂರು ವರ್ಷ ಒಬ್ಬರ ತಲೆಗೂ ಹೊಳೆಯಲಿಲ್ಲ. ಲಗ್ನವಾದ ಹೆಣ್ಣನ್ನು ಮನೆ ಎಲ್ಲಿ ಎಂದರೆ ಅವಳು ಗಂಡನ ಊರು ಹೇಳುತ್ತಾಳೆ. ನಾವು ಅದನ್ನೇ ಬರೆದೆವು. ತಂಬಾಕಿನ ದೂಳಿನಲ್ಲಿ ಬೆಳೆಯಿತೆಂದು ನಾವು ಬರೆದ ಕೂಸು ಹೊಟ್ಟೆಯಲ್ಲಿ ಮೈ ತುಂಬಿಕೊಂಡದ್ದು ಕೃಷ್ಣೆಯ ಗಾಳಿಯಲ್ಲಿ, ತನ್ನ ಅಜ್ಜಿಯ ಕೈಯೂಟದಲ್ಲಿ.

ಆಪ್ಟೆ ಸಾಹೇಬರು ಕಟ್ಟೆಯ ಮೇಲೆ ಕೂತುಬಿಟ್ಟರು. ಮರಾಠಿಯಲ್ಲಿ, "ಬಾಯಿ, ನನ್ನ ಮಗಳೂ ಈಗ ಹೆರಿಗೆಗೆಂದು ನಮ್ಮ ಮನೆಯಲ್ಲೇ ಇದ್ದಾಳೆ. ದಿನಾ ಬೆಳಿಗ್ಗೆ ನಾನೇ ಹಾಲು ತಂದುಕೊಡುತ್ತೇನೆ" ಎಂದರು. ಆಮೇಲೆ ಎದ್ದು ನಿಂತು ನನಗೆ ಕೈಮುಗಿದರು. ಸಂಜೆ ರಾಯಬಾಗಕ್ಕೆ ಹೋಗಿ ಕಸ್ತೂರಿಗೂ ಮುಗಿದರು. ಮೇಲಧಿಕಾರಿಗಳು ತಪ್ಪು ಒಪ್ಪಿಕೊಂಡದ್ದನ್ನು ನನ್ನ ಕೆಲಸದ ಕಾಲದಲ್ಲಿ ಇನ್ನೊಮ್ಮೆ ಕಂಡಿಲ್ಲ.

ತಪ್ಪು ನಮ್ಮದೂ ಇತ್ತಲ್ಲ. ಮೂರು ವರ್ಷದ ಎಲ್ಲ ತಾಯಂದಿರನ್ನೂ ಮತ್ತೆ ಹುಡುಕಿಕೊಂಡು ಹೊರಟೆವು. ಎಲ್ಲಿ ಇದ್ದೆ ಎಂದರೆ ಮತ್ತೆ ಗಂಡನ ಊರೇ ಬರುತ್ತಿತ್ತು. ಒಂದು ದಿನ ಕಸ್ತೂರಿ, "ಆ ತಿಂಗಳದಾಗ ಯಾವ ಬಾವಿ ನೀರ ಕುಡದಿ?" ಎಂದು ಕೇಳಿದಳಂತೆ. ಹೆಂಗಸಿಗೆ ತಾನು ಹೊತ್ತ ನೀರು ಮರೆಯುವುದಿಲ್ಲ. ಥಟ್ಟನೆ ಉತ್ತರ. ಅಂದಿನಿಂದ ನಮ್ಮ ಫಾರಂನಲ್ಲಿ ಆ ಪ್ರಶ್ನೆ ಸೇರಿತು.

ಎಲ್ಲವನ್ನೂ ತಿದ್ದಿ ಬರೆದು ಚಿಕ್ಕೋಡಿಯ ಮೇಜಿನ ಮೇಲೆ ಹರವಿದ ದಿನ ನನಗೆ ಕಣ್ಣಿಗೆ ಕಟ್ಟಿದಂತಿದೆ. ಕೊನೆಯ ಮೂರು ತಿಂಗಳು ಯಾವ ಮನೆಯಲ್ಲಿ ಎಂದು ನೋಡಿ ಬೇರೆ ಬೇರೆ ಸಾಲು ಮಾಡಿದರೆ ಅಂಕಿಗಳು ತಾವಾಗಿ ಎರಡು ಹೋಳಾಗಿ ನಿಂತವು. ತವರಿಲ್ಲದೆ ಗಂಡನ ಮನೆಯಲ್ಲೇ ಹೆತ್ತ ಚೊಚ್ಚಲ ಬಸುರಿಯರ ಕೂಸುಗಳು ಹಗುರ. ಏನೋ ಕಾರಣಕ್ಕೆ ಎರಡನೆಯದಕ್ಕೂ ತವರಿಗೆ ಹೋಗಿದ್ದವರ ಕೂಸುಗಳು ಭಾರ. ಇನ್ನೂ ಕಣ್ಣು ತೆರೆಯದ ಜೀವ, ಹೊರಗಿನ ಗಾಳಿಯನ್ನೇ ಕಾಣದ್ದು, ತನ್ನ ತಾಯಿ ಯಾವ ಹೊಸ್ತಿಲೊಳಗೆ ಇದ್ದಾಳೆಂದು ಬಲ್ಲದು, ಅದಕ್ಕೆ ತಕ್ಕಂತೆ ಮೈ ಕಟ್ಟಿಕೊಳ್ಳುತ್ತದೆ! ಬಸದಿಗೆ ಹೋದಾಗಲೂ ನನಗೆ ಅಷ್ಟು ಭಯಭಕ್ತಿ ಬಂದದ್ದಿಲ್ಲ. ಡಾಕ್ಟರ್ ದೇಸಾಯಿ ಮಾತ್ರ, "ದೂಳೋ, ದಣಿವೋ, ಊಟವೋ, ಇನ್ನೂ ಹೇಳಾಕ ಬರೂದಿಲ್ಲ. ಮೂರೂ ಇರಬಹುದು. ಅವಸರ ಬ್ಯಾಡ" ಎಂದರು.

"ಸರ, ಮಾಲನಗ ಈಗ ಆರು ತುಂಬ್ಯಾವ" ಎಂದೆ ನಾನು.

ನಮ್ಮ ಕೆಲಸಕ್ಕೊಂದು ಕಟ್ಟಳೆಯಿತ್ತು. ನೋಡಬೇಕು, ಬರೆಯಬೇಕು, ನಡುವೆ ಕೈ ಹಾಕಬಾರದು. ಕೈ ಹಾಕಿದರೆ ಲೆಕ್ಕ ಕೆಡುತ್ತದೆ. ಹಾಗಾಗಿ ದೇಸಾಯಿಯವರು ಆಪ್ಟೆಯವರ ಮುಖ ನೋಡಿದರು. ಲೆಕ್ಕವನ್ನೇ ಉಸಿರಾಡುವ ಆ ಮನುಷ್ಯ, "ಹೋಗಿ ಹೇಳಿರಿ. ಹೇಳಿದೆವೆಂದು ಕಾಗದದಲ್ಲಿ ಬರೆಯಿರಿ. ಆ ಒಂದು ಸಾಲು ಕೆಟ್ಟರೆ ಕೆಡಲಿ" ಎಂದರು.

ಹೇಳುವುದು ಸುಲಭವಿರಲಿಲ್ಲ. ಎರಡನೆಯ ಹೆರಿಗೆಗೆ ಸೊಸೆಯನ್ನು ತವರಿಗೆ ಕಳಿಸಿದರೆ, ಇವರ ಮನೆಯಲ್ಲಿ ಬಾಣಂತಿಗೆ ಗತಿಯಿಲ್ಲ ಎಂದು ಓಣಿ ಆಡಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಾಲನಳ ತಾಯಿ ಹೋದ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಅಪ್ಪ ಮೊದಲೇ ಇರಲಿಲ್ಲ. ಅಣ್ಣತಮ್ಮಂದಿರೂ ಇಲ್ಲ. ದಿಗ್ಗೇವಾಡಿಯ ಆ ಬಾಗಿಲಿಗೆ ಬೀಗ ಬಿದ್ದಿತ್ತು.

ನಾನು ಹೋದಾಗ ಮಾಲನ ಬೀಡಿಯ ಮೊರವನ್ನು ಹೊಟ್ಟೆಗೆ ತಾಗಿಸಿಕೊಂಡು ಕೂತಿದ್ದಳು. ಎದುರಿಗೆ ತಾರವ್ವ. ನನಗೆ ತಿಳಿದಷ್ಟನ್ನು ತಿಳಿದಂತೆ ಹೇಳಿದೆ. ಯಾರನ್ನೂ ದೂರಲಿಲ್ಲ. ಹಾಗೆಂದು ನಾನು ಅಂದುಕೊಂಡಿದ್ದೆ. ತಾರವ್ವ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು.

"ಅಂದ್ರ ನಮ್ಮ ಮನಿ ಹೊಲಸೇನ್ರಿ ಬಾಯಾರ? ನಾವು ಇಲ್ಲೇ ಬಾಳಿಲ್ಲ, ಇಲ್ಲೇ ಹಡದಿಲ್ಲ?"

"ಹಂಗಲ್ಲ ತಾರವ್ವ..."

"ಮತ್ತ ಹೆಂಗ? ಅಕೀ ಅವ್ವ ಸತ್ತಾಳ. ಯಾವ ತವರಿಗೆ ಕಳಸ್ಲಿ? ಸುಡಗಾಡಕ್ಕ ಕಳಸ್ಲ್ಯಾ? ತಕ್ಕಡಿ ತಗೊಂಡ ಏಳ್ರಿ ಇಲ್ಲಿಂದ!"

ಮಾಲನ ತಲೆ ಎತ್ತಲಿಲ್ಲ. ಅವಳ ಬೆರಳು ಎಲೆ ಸುತ್ತುತ್ತಲೇ ಇದ್ದವು. ನಾನು ತಕ್ಕಡಿ ಹೆಗಲಿಗೇರಿಸಿ ಹೊರಬಿದ್ದೆ. ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ. ಮೂರು ವರ್ಷ ಒಂದೊಂದು ಹೊಸ್ತಿಲಲ್ಲಿ ಕೂತು ಗಳಿಸಿದ ಸಲಿಗೆಯನ್ನು ಒಂದು ಮಾತಿಗೆ ಕಳೆದುಕೊಂಡೆ, ಕೂಸಿಗೂ ಏನೂ ಮಾಡಲಾಗಲಿಲ್ಲ ಎಂದು ಸಂಕಟವಾಯಿತು. ಹುಡುಗಿಯರೇ, ತಿಳಿದದ್ದನ್ನು ಹೇಳುವಾಗ ಕೇಳುವವರ ಪಾಲಿಗೆ ಏನು ಉಳಿದಿದೆ ಎಂದು ಮೊದಲು ನೋಡಬೇಕು. ನಾನು ನೋಡಿರಲಿಲ್ಲ. ಆಕೆಗೆ ಒಂದು ದಾರಿಯನ್ನೂ ತೋರಿಸದೆ ತಪ್ಪನ್ನಷ್ಟೇ ತೋರಿಸಿ ಬಂದಿದ್ದೆ.

ಹದಿನೈದು ದಿನ ಬಿಟ್ಟು ಅಳುಕುತ್ತಲೇ ಹೋದರೆ ಮನೆಯಲ್ಲಿ ಗಂಡಸರಷ್ಟೇ ಇದ್ದರು. ಮಾಲನಳ ಗಂಡ ರೊಟ್ಟಿ ಸುಡುತ್ತಿದ್ದ. "ಇಬ್ರೂ ಹುಡುಗೀನ ಕರಕೊಂಡ ಊರಿಗೆ ಹೋಗ್ಯಾರ್ರಿ" ಎಂದ. ಯಾವ ಊರಿಗೆ ಎಂದರೆ ಮುಖ ತಿರುಗಿಸಿದ. ಅವ್ವ ಹೇಳಬಾರದೆಂದು ಹೇಳಿ ಹೋಗಿದ್ದಳೇನೋ. ಮುಂದಿನ ಎರಡು ತಿಂಗಳು ಆ ಸಾಲು ನನ್ನ ರಿಜಿಸ್ಟರಿನಲ್ಲಿ ಖಾಲಿ ಉಳಿಯಿತು. ರಾಯಬಾಗದಿಂದ ಚೀಟಿ ಬಂದಾಗಲೆಲ್ಲ ಮೊದಲು ಆ ಹೆಸರು ಹುಡುಕುತ್ತಿದ್ದೆ.

ಕೊನೆಗೆ ಬಂತು. ಕಸ್ತೂರಿಯ ಅಕ್ಷರ. "ಮಾಲನ, ಗಂಡು ಕೂಸು, ಚಿಂಚಲಿ, ತಾರವ್ವನ ತಮ್ಮನ ಮನೆ." ಕೆಳಗೆ ತೂಕ. ಮೂರು ಕಿಲೋಕ್ಕೆ ನಾಲ್ಕೈದು ಕಾಳು ಕಡಿಮೆ, ಅಷ್ಟೇ. ನಾನು ಆ ಚೀಟಿಯನ್ನು ಕಂಡಕ್ಟರರಿಗೇ ಮತ್ತೆ ಓದಿ ಹೇಳಿದೆ. ಪಾಪ, ಅವರಿಗೇನು ಗೊತ್ತು, ಚಲೋ ಆತು ಬಿಡ್ರಿ ಎಂದರು.

ಮರುದಿನವೇ ಚಿಂಚಲಿಗೆ ಹೋದೆ. ದನದ ಕೊಟ್ಟಿಗೆಗೆ ಹೊಂದಿದ ಎರಡು ಅಂಕಣದ ಮನೆ. ಮಾಲನ ಹೊರಸಿನ ಮೇಲೆ, ಕೆಳಗೆ ಕೆಂಡ ತುಂಬಿದ ಕಬ್ಬಿಣದ ಬುಟ್ಟಿ, ಪಕ್ಕದಲ್ಲಿ ಕೂಸು. ತಾರವ್ವ ಎಣ್ಣೆಗೈಯಲ್ಲೇ ಹೊರಗೆ ಬಂದು ನನ್ನನ್ನು ನೋಡಿ ನಿಂತಳು. ಬೈಯುತ್ತಾಳೆಂದುಕೊಂಡೆ.

"ಬರ್ರಿ ಬಾಯಾರ. ಕುಂದರ್ರಿ" ಎಂದಳು. ಆಮೇಲೆ ತಾನೇ ಹೇಳಿದಳು. "ಅಕೀಗೆ ತವರಿಲ್ಲಂದ್ರೇನಾತು, ನನಗೈತೆಲ್ಲ. ನನ್ನ ತವರಿಗೆ ಕರಕೊಂಡ ಬಂದೆ. ಚೊಚ್ಚಲ ಬಾಣಂತನ ಮುಗದಾಗಿಂದ ನಾನೂ ಇಲ್ಲಿ ಮೂರು ದಿನದ ಮ್ಯಾಲೆ ನಿಂತಿದ್ದಿಲ್ರಿ."

ಅತ್ತೆಯ ತವರಿನಲ್ಲಿ ಸೊಸೆಯ ಬಾಣಂತನ! ನಾನು ಕೇಳಿರಲಿಲ್ಲ, ನಮ್ಮ ಅವ್ವನೂ ಕೇಳಿರಲಿಲ್ಲ. ತಮ್ಮನ ಹೆಂಡತಿಯ ಮುಂದೆ ತಲೆ ತಗ್ಗಿಸಿ, ವಖಾರಿಯ ಕೆಲಸ ಬಿಟ್ಟು, ಈ ವಯಸ್ಸಿನಲ್ಲಿ ಮತ್ತೆ ತವರಿನ ಮಗಳಾಗಿ ಬಂದು ಕೂತಿದ್ದಳು. ನಾನು ದಾರಿ ತೋರಿಸದೆ ಬಂದ ಕಡೆ ಆಕೆ ತಾನೇ ದಾರಿ ಮಾಡಿಕೊಂಡಿದ್ದಳು. ಬಗ್ಗಿ ಆಕೆಯ ಕಾಲು ಮುಟ್ಟಹೋದರೆ, "ಅಯ್ಯ, ಏನ ಮಾಡಾಕತ್ತೀರಿ!" ಎಂದು ಹಿಂದಕ್ಕೆ ಸರಿದಳು.

ಕೂಸನ್ನು ನಾನೂ ಒಮ್ಮೆ ತೂಕ ಮಾಡಿದೆ. ತಾರವ್ವ ಮುಳ್ಳನ್ನೇ ನೋಡುತ್ತ ನಿಂತಿದ್ದಳು. "ಬಾಯಾರ, ನನ್ನ ಮೊದಲನೇ ಮಗಾನೂ ಇದ ಮನ್ಯಾಗ ಹುಟ್ಟಿದ್ರಿ. ಅಂವಾನ ಈ ಕೂಸಿನಪ್ಪ. ಗಟ್ಟಿ ಇದ್ದ, ಉಳದ. ಆಮ್ಯಾಲಿನ ಮೂರು ನಿಪ್ಪಾಣ್ಯಾಗ. ಬ್ಯಾನಿ ಬರೂ ತನಕಾ ಜರಡಿ ಹಿಡದೇನಿ. ಮೂರೂ ನಿಲ್ಲಲಿಲ್ಲ. ನಿಮ್ಮ ಪುಸ್ತಕದಾಗ ಅವು ಅದಾವೇನ್ರಿ?" ಎಂದಳು.

"ಇಲ್ಲ ತಾರವ್ವ. ಆಗ ನಾವು ಇರಲಿಲ್ಲ. ಯಾರೂ ತೂಕಾ ಮಾಡಿರಲಿಲ್ಲ."

ದೂಳಿನಿಂದಲೇ ಹೋದವೆಂದು ಹೇಳಲು ನನಗೆ ಬರುತ್ತಿರಲಿಲ್ಲ. ಒಂದು ಮನೆಯ ಲೆಕ್ಕ ಏನನ್ನೂ ಹೇಳುವುದಿಲ್ಲವೆಂದು ದೇಸಾಯಿಯವರು ನಮಗೆ ಸಾವಿರ ಸಲ ಹೇಳಿದ್ದರು. ಆಕೆಗೆ ಅದನ್ನು ಹೇಳದೆ, ಕೂಸನ್ನು ತಕ್ಕಡಿಯಿಂದ ಇಳಿಸಿ ಮಾಲನಳ ಪಕ್ಕ ಮಲಗಿಸಿದೆ.

ತಾರವ್ವ ಒಳಗೆ ಹೋಗಿ ಮೊರದ ತುಂಬ ಜೋಳ ತಂದಳು. ಸೆರಗು ಸೊಂಟಕ್ಕೆ ಸಿಗಿಸಿ, ಕೂಸಿನ ಒಂದು ಮೆತ್ತನೆಯ ಬಟ್ಟೆಯನ್ನು ತೊಡೆಯ ಮೇಲೆ ಹರವಿಕೊಂಡು ಕೂತಳು. ಬೊಗಸೆ ಬೊಗಸೆಯಾಗಿ ಜೋಳ ಸುರಿದಳು. ಬಟ್ಟೆಯ ಅಂಚು ಕೂಡಿಸಿ, ಗಂಟನ್ನು ಮೊಳಕೈಯ ಮೇಲೆ ಮಲಗಿಸಿಕೊಂಡು ಕಣ್ಣು ಮುಚ್ಚಿದಳು. ಇಲ್ಲವೆಂದು ತಲೆಯಾಡಿಸಿ ಬಿಚ್ಚಿದಳು. ಒಂದು ಹಿಡಿ ತೆಗೆದಳು. ಮತ್ತೆ ಎತ್ತಿಕೊಂಡಳು. ನಾಲ್ಕು ಕಾಳು ಹಾಕಿದಳು. ಮತ್ತೆ ಎತ್ತಿಕೊಂಡಳು. ಹೊರಸಿನ ಮೇಲೆ ಮಾಲನ ನೋಡುತ್ತಿದ್ದಳು. ತಾರವ್ವನ ಕೈ ಇಪ್ಪತ್ತೈದು ವರ್ಷದ ಹಿಂದಿನ ಒಂದು ಭಾರವನ್ನು ಹುಡುಕುತ್ತಿತ್ತು.

"ಇಷ್ಟಿದ್ಲ್ರಿ ಅಕೀ, ಆ ಮೂರರಾಗ ಮೊದಲನೇದಕಿ" ಎಂದಳು, ಕಣ್ಣು ತೆರೆಯದೆ.

ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು ತಕ್ಕಡಿಯ ಕೊಕ್ಕೆಗೆ ಹಾಕಿದೆ. ಮುಳ್ಳು ಅಲುಗಾಡಿ ನಿಂತಿತು. ಎರಡು ಕಿಲೋಕ್ಕೂ ಕಡಿಮೆ. ಓಣಿಯ ಹಗುರ ಕೂಸುಗಳು ಎಲ್ಲಿ ನಿಲ್ಲುತ್ತಿದ್ದವೋ ಅಲ್ಲಿಯೇ.

"ಬರಕೋರಿ" ಎಂದಳು.

"ಹೆಸರು?"

"ಹೆಸರಿಟ್ಟಿದ್ದಿಲ್ರಿ."

ಹೆಸರಿನ ಜಾಗ ಬಿಟ್ಟು ತೂಕ ಬರೆದುಕೊಂಡೆ. ತಾರವ್ವ ಜೋಳವನ್ನು ಮೊರಕ್ಕೆ ಸುರುವಿ, ಬಟ್ಟೆಯನ್ನು ಮತ್ತೆ ತೊಡೆಯ ಮೇಲೆ ಹರವಿ, ಎರಡನೆಯ ಕೂಸಿಗೆಂದು ಬೊಗಸೆ ತುಂಬಿಕೊಂಡಳು.